ನಿಪ್ಪಾಣಿಯ ಒಂದು ಗಲ್ಲಿ, ಒಂದು ತಿಪ್ಪೆ

ಬೆಂಗಳೂರಲ್ಲಿ ರಾತ್ರಿ ಬಸ್ಸು ಹತ್ತಿದ್ರೆ ಬೆಳಗ್ಗೆ ನಿಪ್ಪಾಣಿ. ಇಳಿದ ಕೂಡಲೇ ಮೂಗಿಗೆ ತಂಬಾಕಿನ ಘಾಟು, ಕಿವಿಗೆ ಅರ್ಧ ಕನ್ನಡ, ಅರ್ಧ ಮರಾಠಿ. 1981ರಲ್ಲಿ ತಂಬಾಕು ರೈತರು ನ್ಯಾಯದ ಬೆಲೆಗಾಗಿ ಇದೇ ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕೂತಿದ್ದರು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಅವರ ಬೆನ್ನಿಗೆ ನಿಂತಿದ್ದರು.

ಅಂಥ ಊರಲ್ಲಿ ನಮ್ಮ ಕಾಕೂ ಮನೆ ಗಲ್ಲಿಯ ಮೂಲೆ ಎಷ್ಟೋ ವರ್ಷ ತಿಪ್ಪೆಯಾಗಿತ್ತು. ಪಕ್ಕದ ಕಂಬದ ದೀಪವೂ ಕೆಟ್ಟಿತ್ತು. ಟ್ಯೂಷನ್ ಮುಗಿಸಿದ ಹುಡುಗಿಯರು ಸುತ್ತುಹಾಕಿ ಮನೆಗೆ ಬರ್ತಿದ್ರು. ಒಬ್ಬಳು ಟ್ಯೂಷನ್ನನ್ನೇ ಬಿಟ್ಟಳು. ಆಗ ಗಲ್ಲಿಗೆ ಚುರುಕು ಮುಟ್ಟಿತು.

ದೀಪಾವಳಿ ರಜೆಗೆ ಹೋಗಿದ್ದ ನಾನು ವಾಟ್ಸಾಪ್ ಗ್ರೂಪ್, ಎಕ್ಸೆಲ್ ಶೀಟ್ ಅಂತ ಶುರು ಮಾಡಿದೆ. ಕಾಕೂ ನಕ್ಕು, "ಅದೆಲ್ಲಾ ಇರಲಿ. ನಾಳೆ ಮುಂಜಾನಿ ಆರಕ್ಕ ಸಲಿಕಿ ಹಿಡ್ಕೊಂಡ ಬಾ" ಅಂದ್ರು.

ಹನ್ನೊಂದು ಮನೆಯವರು ಬಂದಿದ್ದರು. ಕಸ ಎತ್ತುವಾಗ ನಾನೇ ತಂದಿದ್ದ ಮಿಠಾಯಿ ಡಬ್ಬಿ ಸಿಕ್ಕಿತು. ಹಿಂದಿನ ರಾತ್ರಿ ಎಸೆದವನೂ ನಾನೇ! ಯಾರೂ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಜಾಗ ತೊಳೆದು ರಂಗೋಲಿ ಹಾಕಿ, ತುಳಸಿ ಕುಂಡ ಇಟ್ಟರು. ಮನೆಗೆ ಎರಡು ಬಕೆಟ್: ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಕಂಬದ ದೀಪ ಸರಿಯಾಗುವವರೆಗೆ ಪ್ರತಿ ಬಾಗಿಲಿಗೂ ಒಂದು ಬಲ್ಬ್. ಒಳಗೆ ಕೂತು ಬೀಡಿ ಎಲೆ ಕತ್ತರಿಸ್ತಿದ್ದ ಕಾಕೂ, ಮೌಶಿಯರೆಲ್ಲ ಸಂಜೆ ಕಟ್ಟೆಗೆ ಬಂದು ಕೂತರು. ಹುಡುಗಿಯರು ದಾಟಿಹೋಗುವ ತನಕ ಏಳಲ್ಲ.

ನಿಮ್ಮ ಬೀದಿಯಲ್ಲೂ ಅಂಥ ಮೂಲೆ ಇದ್ರೆ, ಮೊದಲು ಅಲ್ಲಿ ನಿಮ್ಮ ಡಬ್ಬಿ ಇದೆಯಾ ನೋಡಿ.

ಮೊನ್ನೆ ಫೋನಲ್ಲಿ ಕೇಳಿದೆ, "ಆ ಹುಡುಗಿ?"

"ದಿನಾ ಹೊಂಟಾಳಪಾ, ಇದ ಹಾದೀಲೆ."