ದಿಲ್ಲಿಯ ನಾಲ್ಕು ವಾರಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುಂಚೆ ಈ ಭಾಗದ ತರುಣರು ಉಚ್ಚ ಶಿಕ್ಷಣಕ್ಕಾಗಿ ಪುಣೆ, ಮುಂಬಯಿಗಳ ಹಾದಿಯನ್ನು ಹಿಡಿಯಬೇಕಾಗುತ್ತಿತ್ತು. ಇಂದು ವಿದ್ಯೆಯು ಮನೆಯ ಬಾಗಿಲಿಗೇ ಬಂದಿದೆ. ಆದರೂ ಮಕ್ಕಳು ಮತ್ತೆ ದೂರದ ಹೆಸರನ್ನೇ ಹೇಳುವರು. ಪದವಿಗಾಗಿಯಲ್ಲ, ನಾಲ್ಕು ವಾರಗಳ ಇಂಟರ್ನ್‌ಶಿಪ್ಪಿಗಾಗಿ ದಿಲ್ಲಿಗೆ ಹೋಗುತ್ತೇವೆನ್ನುವರು. ಈ ಮಾತನ್ನು ಕೇಳಿದ ತಂದೆ-ತಾಯಿಗಳಿಗೆ ಹೆಮ್ಮೆ, ಅಂಜಿಕೆಗಳೆರಡೂ ಒಮ್ಮೆಲೇ ಆಗುವದು ಸಹಜವು.

ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು 2009ರಲ್ಲಿ ಸ್ಥಾಪಿತವಾದಂದಿನಿಂದ ಈ ಮಾತು ನಮ್ಮ ಓಣಿಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಮೂರು ವರ್ಷದ ಕಾನೂನು ವ್ಯಾಸಂಗದವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂತಹ ಅಭ್ಯಾಸವನ್ನು ಮಾಡತಕ್ಕದ್ದು. ಒಂದು ವರ್ಷದಲ್ಲಿ ಎಡೆಬಿಡದೆ ನಾಲ್ಕು ವಾರಕ್ಕಿಂತ ಹೆಚ್ಚು ಕೂಡದು. ವಕೀಲರ ಕಚೇರಿ, ನ್ಯಾಯಾಲಯ, ಶಾಸನಸಭೆ, ಸ್ಥಳೀಯ ಸಂಸ್ಥೆ, ಇವೆಲ್ಲವೂ ಅದಕ್ಕೆ ಸಲ್ಲುವವು. ದಿಲ್ಲಿಗೆ ಹೋಗಲೇಬೇಕೆಂದು ಯಾವ ನಿಯಮವೂ ಹೇಳುವದಿಲ್ಲವೆಂಬುದನ್ನು ಗೃಹಸ್ಥರು ಮೊದಲು ತಿಳಿದಿರಬೇಕು.

ಹಾಗಾದರೆ ದಿಲ್ಲಿ ಏಕೆ? ಸರ್ವೋಚ್ಚ ನ್ಯಾಯಾಲಯ ಅಲ್ಲಿದೆ, ಸಂಸತ್ತು ಅಲ್ಲಿದೆ. ನಮ್ಮ ಬದುಕನ್ನು ಆಳುವ ಅನೇಕ ಮಾತುಗಳು ಅಲ್ಲಿ ತೀರ್ಮಾನವಾಗುವವು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿ ಮುಖ್ಯಮಂತ್ರಿಗಳಾದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ವಜಾ ಮಾಡಿದಾಗ ಅವರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಕೊಟ್ಟ ತೀರ್ಪು ರಾಷ್ಟ್ರಪತಿ ಆಳಿಕೆಯನ್ನು ಹೇರುವ ಅಧಿಕಾರಕ್ಕೆ ಕಡಿವಾಣ ಹಾಕಿತು. ನಮ್ಮೂರಿನ ವಕೀಲರೊಬ್ಬರ ಹೆಸರು ಹೀಗೆ ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರ ಬಾಯಲ್ಲಿದೆ. ಇಂತಹ ಸ್ಥಳವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ತಪ್ಪಲ್ಲ.

ನವನಗರದಲ್ಲಿರುವ ನಮ್ಮ ತಂಗಿಯ ಮಗಳು ಈ ಮಾತನ್ನೆತ್ತಿದಾಗ ಅವಳ ಅಜ್ಜಿ, “ದಿಲ್ಲಿಯೊಳಗ ನಮ್ಮವರು ಅನ್ನೋರು ಯಾರದಾರವಾ?” ಎಂದು ಕೇಳಿದರು. ತಂದೆ ಲೆಕ್ಕ ಬರೆದರು. ಎರಡು ರಾತ್ರಿಗಳ ರೈಲು, ವಸತಿಗೃಹ, ಊಟ, ಮೆಟ್ರೋ, ಎಲ್ಲ ಕೂಡಿದರೆ ಅವರ ಒಂದು ತಿಂಗಳ ಪಗಾರವೇ ಆಯಿತು. ಅತ್ತಕಡೆಯಿಂದ ಬರುವದು ಪ್ರಮಾಣಪತ್ರ ಮಾತ್ರ, ಒಂದು ರೂಪಾಯಿಯೂ ಇಲ್ಲ. ಆದರೆ ಹುಡುಗಿಯು ಬರಿಗೈಯಲ್ಲಿ ಹೊರಟವಳಲ್ಲ. ಮೊದಲ ವರ್ಷ ಧಾರವಾಡದ ವಕೀಲರೊಬ್ಬರ ಕಚೇರಿಯಲ್ಲಿ ಕಾಗದಗಳ ಗಂಟನ್ನು ಹೊತ್ತಿದ್ದಳು. ಮರುವರ್ಷ ಅಲ್ಲಿಯ ಉಚ್ಚ ನ್ಯಾಯಾಲಯದ ಪೀಠದಲ್ಲಿ ಕುಳಿತು ವಾದಗಳನ್ನು ಕೇಳಿದ್ದಳು. 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದ ಆ ಪೀಠವು ನಮ್ಮ ಮಕ್ಕಳಿಗೆ ದೊಡ್ಡ ಪಾಠಶಾಲೆಯೇ ಸರಿ. ಇದನ್ನೆಲ್ಲ ನೋಡಿ ನಾವು ಅವಳ ಪಕ್ಷವನ್ನು ವಹಿಸಿದೆವು.

ದಿಲ್ಲಿಯಲ್ಲಿ ಮೊದಲ ವಾರ ಅವಳಿಗೆ ಕೆಲಸವೇ ಸಿಗಲಿಲ್ಲ. ಎರಡನೆಯ ವಾರ ನಮ್ಮ ನಾಡಿನದೇ ಒಂದು ಹೊಲದ ವ್ಯಾಜ್ಯದ ಕಡತವು ಬಂದಿತು. ಮೂಲ ಕಾಗದದಲ್ಲಿ ‘ವಹಿವಾಟು’ ಎಂದಿದ್ದ ಕಡೆಯಲ್ಲೆಲ್ಲ ಅನುವಾದಕನು ‘ವ್ಯಾಪಾರ’ ಎಂಬರ್ಥದ ಇಂಗ್ಲಿಷ್ ಶಬ್ದವನ್ನು ಬರೆದಿದ್ದನು. ಹೊಲದ ಮಾತಿನಲ್ಲಿ ವಹಿವಾಟೆಂದರೆ ಉಳುಮೆ, ಅನುಭೋಗ ಎಂಬುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಆ ಕಚೇರಿಯಲ್ಲಿ ಬಲ್ಲವಳು ಇವಳೊಬ್ಬಳೇ! ಹಿರಿಯ ವಕೀಲರು ಅನುವಾದವನ್ನು ತಿದ್ದಿಸಿದರು. “ಮಾಮಾ, ನಾ ಕಲೀಲಿಕ್ಕೆ ಹೋದೆ, ಖರೆ ನನ್ನ ಹತ್ತರನೂ ಕೊಡೋದು ಏನೋ ಇತ್ತು,” ಎಂದು ಅವಳು ಬಂದು ಹೇಳಿದಾಗ ನಮಗಾದ ಸಂತೋಷವು ಅಷ್ಟಿಷ್ಟಲ್ಲ. ಊರಿನ ನೆಲದಲ್ಲಿ ಬೇರಿದ್ದವನಿಗೆ ರಾಜಧಾನಿಯು ಫಲ ಕೊಡುವದು. ಬೇರಿಲ್ಲದವನಿಗೆ ಅದು ನಾಲ್ಕು ವಾರದ ಜಾತ್ರೆಯಷ್ಟೇ.

ಫೆಲೋಶಿಪ್ಪಿನ ಮಾತು ಬೇರೆ. ಪಿ.ಆರ್.ಎಸ್. ಎಂಬ ಸಂಸ್ಥೆಯು 2010ರಿಂದ ನಡೆಸಿಕೊಂಡು ಬಂದ ಲ್ಯಾಂಪ್ ಎಂಬ ಯೋಜನೆಯಲ್ಲಿ 25 ವಯಸ್ಸಿನೊಳಗಿನ ಪದವೀಧರರು ಒಬ್ಬ ಸಂಸತ್ಸದಸ್ಯರಿಗೆ ಸಹಾಯಕರಾಗಿ ಹತ್ತು ತಿಂಗಳಿಗೂ ಮಿಕ್ಕಿ ದುಡಿಯುತ್ತಿದ್ದರು. ಪ್ರಶ್ನೆಗಳನ್ನು ಸಿದ್ಧಪಡಿಸುವದು, ಮಸೂದೆಗಳನ್ನು ಅಭ್ಯಸಿಸುವದು ಅವರ ಕೆಲಸವಾಗಿತ್ತು. ಯಾವ ವಿಷಯದ ಪದವಿಯಾದರೂ ನಡೆಯುತ್ತಿತ್ತು. ಇದಕ್ಕೆ ಮಾಸಿಕ ವೇತನವಿತ್ತು. ಆದಕಾರಣ ಬಡವರ ಮನೆಯ ಜಾಣ ಮಕ್ಕಳು ಇಂತಹವುಗಳ ಕಡೆಗೆ ವಿಶೇಷವಾಗಿ ಲಕ್ಷ್ಯ ಕೊಡಬೇಕು.

ಸಂಬಳವಿಲ್ಲದ ದುಡಿಮೆಯು ಉಳ್ಳವರ ಮಕ್ಕಳಿಗೆ ಮಾತ್ರ ಬಾಗಿಲು ತೆರೆಯುವದೆಂಬ ಕೊರಗು ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದಂತಹ ಸಿರಿವಂತ ದೇಶದಲ್ಲಿಯೂ ಅಧ್ಯಕ್ಷರ ಶ್ವೇತಭವನವು ತನ್ನ ಇಂಟರ್ನ್‌ಗಳಿಗೆ ವೇತನ ಕೊಡತೊಡಗಿದ್ದು 2022ರಲ್ಲಿ!

ಮಕ್ಕಳನ್ನು ಕಳಿಸುವ ತಂದೆ-ತಾಯಿಗಳಿಗೆ ನಮ್ಮ ಎರಡು ಮಾತುಗಳಿವೆ. ಇಂಟರ್ನ್‌ಶಿಪ್ ಕೊಡಿಸುತ್ತೇನೆಂದು ಹಣ ಕೇಳುವವನನ್ನು ನಂಬಬಾರದು. ಯಾರ ಕೈಕೆಳಗೆ, ಏನು ಕೆಲಸ ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳಬೇಕು. ಎರಡನೆಯದಾಗಿ, ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವ 2013ರ ಕಾನೂನು ತರಬೇತಿಗೆ ಬಂದವರಿಗೂ ಅನ್ವಯಿಸುವದು. ಇದನ್ನು ಮಗಳಿಗೆ ತಿಳಿಸಿಯೇ ಕಳಿಸಬೇಕು.

ಒಂದು ಕಾಲಕ್ಕೆ ಧಾರವಾಡದಲ್ಲಿ ಓದಲು ಬಂದ ಬಡ ಹುಡುಗನು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನದ ಮೇಲೆ ವಿದ್ಯೆ ಪಡೆದನು. ಮುರುಘಾಮಠದಂತಹ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗಂತೂ ಲೆಕ್ಕವಿಲ್ಲ. ಹೀಗೆ ಬೆಳೆದವರ ಮಕ್ಕಳು, ಮೊಮ್ಮಕ್ಕಳು ಇಂದು ಒಳ್ಳೆಯ ಸ್ಥಿತಿಯಲ್ಲಿರುವರು. ಏಳು ಮನೆಗಳು ಕೂಡಿ ಒಬ್ಬ ಹುಡುಗನಿಗೆ ಅನ್ನವಿಕ್ಕಿದಂತೆ, ಏಳು ಮನೆಗಳು ಕೂಡಿ ವರ್ಷಕ್ಕೊಬ್ಬ ವಿದ್ಯಾರ್ಥಿಯ ದಿಲ್ಲಿಯ ತಿಂಗಳ ಖರ್ಚನ್ನು ಹೊರಲಾರವೇ? ನಮ್ಮ ವಾಚಕರು ತಮ್ಮ ತಮ್ಮ ಓಣಿಯಲ್ಲಿ ಇದನ್ನು ಯೋಚಿಸಿ ನೋಡಬೇಕೆಂದು ಬಿನ್ನವಿಸುವೆವು.