ಗರಗದ ದಾಯಾದಿ

ಬಸವಕಲ್ಯಾಣದ ನಮ್ಮ ಸೋದರತ್ತೆ ತಲೆಗೆ ಹಚ್ಚುವ ಎಣ್ಣೆ ಕಾಯಿಸುವ ದಿನ ಆ ಮನೆಯ ಕಡೆ ಹಾಯಬಾರದು. ಹಾದವರಿಗೆ ಕೆಲಸ ಕಾದಿರುತ್ತದೆ. ಕಳೆದ ಶ್ರಾವಣದಲ್ಲಿ ಹುಮನಾಬಾದಿನಿಂದ ಸುಮ್ಮನೆ ಮಾತಾಡಿಸಿ ಬರೋಣವೆಂದು ಹೋದೆ. ಚಹಾ ಬರುವ ಮೊದಲೇ ಕೈಗೊಂದು ಚೀಲ ಬಂತು.

"ತಮ್ಮಾ, ಕೋಟಿ ಕಡಿ ಹೋಗಿ ಒಂದಿಷ್ಟು ಗರಗ ಕಿತ್ಕೊಂಡ್ ಬಾ."

ಕೋಟೆಯ ಕಲ್ಲುಸಂದಿಗಳಲ್ಲಿ ಬಿಳಿ ಎಸಳು, ಹಳದಿ ನಡು, ಗಾಳಿಗೆ ತಲೆದೂಗುವ ಹೂಗಳು ಬೇಕಾದಷ್ಟಿದ್ದವು. ಅರ್ಧ ತಾಸಿನಲ್ಲಿ ಚೀಲ ತುಂಬಿಸಿ ತಂದು ಅಂಗಳದಲ್ಲಿ ಸುರಿದೆ. ಅತ್ತೆ ಒಂದು ದಂಟನ್ನು ಎತ್ತಿ ನೋಡಿ, ನನ್ನ ಮುಖವನ್ನೂ ಅಷ್ಟೇ ಹೊತ್ತು ನೋಡಿದರು.

"ಇದು ಗರಗ ಅಲ್ಲೋ, ದಗಡಿ ಪಾಲಾ. ಮೊಣಕಾಲ್ ಕೆತ್ತಿದ್ರ ಹಚ್ತಾರ. ಇಷ್ಟ್ ತಂದೀಯಲ್ಲ, ಯಾರ್ ಯಾರ್ ಬಿದ್ದಾರ?"

ದಗಡ ಎಂದರೆ ಮರಾಠಿಯಲ್ಲಿ ಕಲ್ಲು, ಪಾಲಾ ಎಂದರೆ ಸೊಪ್ಪು. ಕಲ್ಲಿನ ಸಂದಿಯಲ್ಲಿ ಬದುಕುವ ಗಿಡಕ್ಕೆ ಒಪ್ಪುವ ಹೆಸರೇ. ನಮ್ಮ ಕಡೆ ಮರಾಠಿ, ತೆಲುಗು, ಉರ್ದು ಮೂರೂ ಪಡಸಾಲೆಯವರೆಗೆ ಬಂದು ಕುಳಿತಿವೆ. ಕನ್ನಡದ ಗರಗ ಪಶ್ಚಿಮಕ್ಕೆ ಹೋದರೆ ಮಾಕಾ, ಪೂರ್ವಕ್ಕೆ ಜಹೀರಾಬಾದಿನತ್ತ ಹೋದರೆ ಗುಂಟಗಲಗರ, ಹಕೀಮರ ಅಂಗಡಿಯಲ್ಲಿ ಭಾಂಗ್ರಾ, ಆಯುರ್ವೇದದ ಬಾಟಲಿಯ ಮೇಲೆ ಭೃಂಗರಾಜ. ದಾಯಾದಿಗೂ ಹೆಸರಿಗೆ ಕೊರತೆಯಿಲ್ಲ: ಏಕದಂಡಿ, ಗಡ್ಡಿ ಚಾಮಂತಿ, ಗಬ್ಬು ಶ್ಯಾವಂತಿ. ನಮ್ಮತ್ತೆ ಮಾತ್ರ ಒಂದನ್ನು ಕನ್ನಡದಲ್ಲಿ, ಇನ್ನೊಂದನ್ನು ಮರಾಠಿಯಲ್ಲಿ ಕರೆದು ವ್ಯವಹಾರ ಬಗೆಹರಿಸಿದ್ದಾರೆ. ಒಂದು ಮನೆಯದು, ಇನ್ನೊಂದು ಬಂದದ್ದು.

ಬಂದದ್ದು ಎಂಬುದು ನಿಜ ಕೂಡ. ದಗಡಿ ಪಾಲಾದ ತವರು ಮಧ್ಯ ಅಮೆರಿಕ. ಲಿನೇಯಸ್ ಅದಕ್ಕೆ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್ ಎಂದು ಹೆಸರಿಟ್ಟದ್ದು 1753ರಲ್ಲಿ. ಹನ್ನೆರಡನೆಯ ಶತಮಾನದ ಶರಣ ವೈದ್ಯ ಸಂಗಣ್ಣ ಕಲ್ಯಾಣದ ಬೀದಿಯಲ್ಲಿ ಎಷ್ಟು ಹುಡುಕಿದ್ದರೂ ಈ ಸೊಪ್ಪು ಸಿಗುತ್ತಿರಲಿಲ್ಲ. ಚೆಂಡುಹೂವೂ ಅಮೆರಿಕದ್ದೇ, ಇದೇ ಕುಟುಂಬದ್ದು. ಆದರೂ ನಮ್ಮ ನಾಟಕದವರು ಅನುಭವ ಮಂಟಪದ ದೃಶ್ಯ ಬಂದರೆ ಮೊದಲು ಕಟ್ಟುವುದು ಚೆಂಡುಹೂವಿನ ಮಾಲೆಯನ್ನೇ. ಹೇಳಿ ನೋಡಿದ್ದೇನೆ. "ಸರ್, ಕಲರ್ ಛಲೋ ಕಾಣ್ತದ್ರೀ" ಎಂದರು. ಇರಲಿ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದಾಗ ಹುಮನಾಬಾದಿನ ಹಳಿಯ ಪಕ್ಕ ಟಿಕೆಟ್ ಇಲ್ಲದೆ ಬಂದು ಕುಳಿತದ್ದೂ ಇದೇ ದಗಡಿ ಪಾಲಾ.

ನನ್ನ ಮೇಲೆ ನಂಬಿಕೆ ಹೋದ ಅತ್ತೆ ತಾವೇ ಸೆರಗು ಸಿಕ್ಕಿಸಿ ತ್ರಿಪುರಾಂತ ಕೆರೆಯ ಕಡೆ ಹೊರಟರು, ಬುಟ್ಟಿ ಹಿಡಿದು ನಾನು ಹಿಂದೆ. ದಂಡೆಯ ಹಸಿ ಮಣ್ಣಿನಲ್ಲಿ ಗರಗ ಸಿಕ್ಕಿತು. ಇಷ್ಟು ಚಿಕ್ಕದೆ ಎನಿಸಿತು. ಹೂ ಅಂಗಿಯ ಗುಂಡಿಯಷ್ಟೂ ಇಲ್ಲ, ಎಲೆಯ ಬುಡದಲ್ಲಿ ಗಿಡ್ಡ ತೊಟ್ಟಿನ ಮೇಲೆ ನಾಚಿಕೊಂಡು ಕೂತಿದೆ. ಎಸಳುಗಳು ಕೂದಲೆಳೆಯಂತೆ ಸಣ್ಣವು, ಎಣಿಸಲಾಗದಷ್ಟು. ನಡುವೂ ಬಿಳಿಚಿಕೊಂಡಿದೆ. ದಗಡಿ ಪಾಲಾ ಹಾಗಲ್ಲ. ಗೇಣುದ್ದದ ಬರಿಯ ದಂಟಿನ ತುದಿಗೆ ಒಂದೇ ಹೂ, ಅದಕ್ಕೇ ಏಕದಂಡಿ. ಎಸಳು ಸಾಮಾನ್ಯವಾಗಿ ಐದು, ಪ್ರತಿಯೊಂದರ ಅಂಚಿನಲ್ಲಿ ಮೂರು ಹಲ್ಲು. ಎಸಳೆಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಮ್ಮ ಹೊಲದ ಕುಸುಬಿಯಂತೆ, ಸೂರ್ಯಕಾಂತಿಯಂತೆ ಇವುಗಳಲ್ಲೂ ಒಂದು ಹೂವೆಂದು ಕಾಣುವುದು ಹೂಗಳ ಜಾತ್ರೆ. ಅಂಚಿನ ಒಂದೊಂದು ಎಸಳೂ ಒಂದೊಂದು ಹೂ, ನಡುವಿನ ಒಂದೊಂದು ಚುಕ್ಕೆಯೂ ಹೂವೇ.

ಹೂ ಬಾಡಿದ ಮೇಲೆ ಗುಟ್ಟು ಪೂರ್ತಿ ರಟ್ಟಾಗುತ್ತದೆ. ದಗಡಿ ಪಾಲಾದ ಬೀಜಕ್ಕೆ ಗರಿಗರಿ ಕುಚ್ಚು, ಉಫ್ ಎಂದರೆ ಪಕ್ಕದ ಓಣಿಗೆ ಹಾರುತ್ತದೆ. ಗರಗದ ಬೀಜಕ್ಕೆ ಕುಚ್ಚಿಲ್ಲ. ಹಸಿರು ಬಟ್ಟಲಿನಲ್ಲಿ ಒತ್ತಾಗಿ ಕೂತು ಕಪ್ಪಾಗುತ್ತದೆ. ಸಸ್ಯಶಾಸ್ತ್ರದವರು ಅದನ್ನು ಎಕ್ಲಿಪ್ಟಾ ಎಂದದ್ದು ಈ ಕೊರತೆಗೇ. ಗ್ರೀಕಿನಲ್ಲಿ ಅದಕ್ಕೆ ಇಲ್ಲದ್ದು, ಕಡಿಮೆಯಾದದ್ದು ಎಂಬ ಅರ್ಥ. ಇರುವುದನ್ನೆಲ್ಲ ಬಿಟ್ಟು ಇಲ್ಲದ್ದನ್ನು ಹಿಡಿದು ಹೆಸರಿಡುವುದು ಬೀಗರ ಕಡೆಯವರ ಗುಣ. ಪಂಡಿತರಿಗೂ ಅದು ಇದೆ.

ಇಷ್ಟನ್ನೂ ನಾನು ಬಗ್ಗಿ ನೋಡುತ್ತ ನಿಂತಿದ್ದಾಗ ಅತ್ತೆಯ ಬುಟ್ಟಿ ಅರ್ಧ ತುಂಬಿತ್ತು. ಅವರು ಹೂವಿನ ಕಡೆ ನೋಡುತ್ತಲೇ ಇರಲಿಲ್ಲ.

"ಹೂ ಏನ್ ನೋಡ್ಲತ್ತಿ? ತಿಕ್ಕಿ ನೋಡು."

ಒಂದು ಎಳೆಯ ದಂಟು, ನಾಲ್ಕು ಎಲೆ ಕಿತ್ತು ಹೆಬ್ಬೆರಳಿನಿಂದ ಅಂಗೈಯಲ್ಲಿ ಹೊಸಕಿದೆ. ಮೊದಲು ಹಸಿರು ರಸ. ಮಾತಾಡುತ್ತ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಹಸಿರು ಮಂಕಾಗಿ, ಆಮೇಲೆ ಮಸಿಯಾಯಿತು. ಥಟ್ಟನೆ ಶಾಲೆ ನೆನಪಾಯಿತು. ಶನಿವಾರ ಇದ್ದಿಲು ಕುಟ್ಟಿ, ಇದೇ ಸೊಪ್ಪು ಅರೆದು ಬೋರ್ಡಿಗೆ ಬಳಿಯುವ ಕೆಲಸ ನಮ್ಮದಿತ್ತು. ಸೋಮವಾರ ಕೈ ಕಪ್ಪಿದ್ದವನು ಶನಿವಾರ ಕೆಲಸ ಮಾಡಿದವನೆಂದು ಲೆಕ್ಕ. ಕೈ ಬಲ್ಲ ಗಿಡ ಕಣ್ಣಿಗೆ ಮರೆತಿತ್ತು. ದಗಡಿ ಪಾಲಾ ಹೊಸಕಿದರೆ ಕೈಗೆ ಹತ್ತುವುದು ಅದರ ಒರಟು ರೋಮ, ಮೂಗಿಗೆ ಹತ್ತುವುದು ಗಬ್ಬು, ಅಷ್ಟೇ.

ಸಂಜೆ ಎಣ್ಣೆಯ ಬಾಟಲಿ ಹಿಡಿದು ಹುಮನಾಬಾದಿನ ಬಸ್ಸು ಹತ್ತಿದೆ. ಸಸ್ತಾಪುರ ಬಂಗ್ಲಾ ದಾಟಿದ ಮೇಲೆ ಕಂಡಕ್ಟರ್ ಬಂದ. ನಾನು ಚಾಚಿದ ನೋಟು ಬಿಟ್ಟು ನನ್ನ ಕರಿ ಹೆಬ್ಬೆರಳನ್ನೇ ನೋಡಿದ.

"ಎಲೆಕ್ಷನ್ ಯಾವಾಗ ಆಯ್ತ್ರೀ ಸರ್, ನಮಗ ಸುದ್ದೀನೇ ಇಲ್ಲಲ್ಲ?"