ದೂರ ಓಡಿದ ಗಾಡಿಯ ಎಣ್ಣೆ

ಕಾರಿಗೆ ವಯಸ್ಸಾದದ್ದು ಮೊದಲು ಗೊತ್ತಾಗುವುದು ಯಜಮಾನನಿಗಲ್ಲ, ನೆಲಕ್ಕೆ. ನಮ್ಮ ಮಟ್ಟಿಗೆ ಹೇಳುವುದಾದರೆ ಆ ನೆಲದ ಒಡತಿಗೆ. ಗೋವೆಯ ಕೊರ್ಲಿಮ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಅಂಗಳಕ್ಕೆ ಆಂಟಿ ಹೊಸ ಟೈಲ್ಸ್ ಹಾಕಿಸಿದ್ದರು. ವಾರ ಕಳೆಯುವುದರೊಳಗೆ ಅದರ ಮೇಲೆ ಅಂಗೈಯಗಲದ ಕಪ್ಪು ಕಲೆ. ಆಂಟಿ ಜಗಳಗಂಟಿಯಲ್ಲ. ಕೊಂಕಣಿ ಬೆರೆಸಿದ ಹಿಂದಿಯಲ್ಲಿ ಬಹಳ ಮೃದುವಾಗಿ ಹೇಳಿದರು: ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ, ಆದರೆ ಸೋರುವ ಭಾಗವನ್ನು ಮಾತ್ರ ರಸ್ತೆಯಲ್ಲಿ ಬಿಡಿ.

ಅಂದಿನಿಂದ ಸೇಬಿನ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಎಂಜಿನ್ನಿನ ಕೆಳಗೆ ಹಾಸುವುದು ನನ್ನ ರಾತ್ರಿಯ ಕೆಲಸ. ಬೆಳಿಗ್ಗೆ ಎದ್ದು ಕಲೆ ಎಷ್ಟು ಬೆಳೆದಿದೆ ಎಂದು ನೋಡುವುದು ಮೊದಲ ಓದು. ಪೇಪರ್ ಆಮೇಲೆ.

ನಮ್ಮದು 2003ರ ಮಾರುತಿ ಝೆನ್. 1993ರಲ್ಲಿ ಬಂದು 2006ರಲ್ಲಿ ನಿಂತುಹೋದ ಮಾದರಿ. 993 ಸಿಸಿಯ ಅಲ್ಯುಮಿನಿಯಂ ಎಂಜಿನ್. ನಾನಿನ್ನೂ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನೌಕರಿ ಮಾಡುತ್ತಿದ್ದಾಗ ಸಾಲ ತೆಗೆದು ಕೊಂಡದ್ದು. 2018ರಲ್ಲಿ ಅದಕ್ಕೆ ಹದಿನೈದು ತುಂಬಿ ನೋಂದಣಿ ನವೀಕರಣವಾಯಿತು, 2023ರಲ್ಲಿ ಇನ್ನೊಮ್ಮೆ. ನಡುವೆ 2022ರ ಏಪ್ರಿಲ್‌ನಿಂದ ಹಳೆ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಹಿರಿಯ ನಾಗರಿಕರಿಗೆ ರೈಲಿನಲ್ಲಿ ರಿಯಾಯಿತಿ ಇದ್ದ ಕಾಲವೊಂದಿತ್ತು. ಅದು 2020ರಲ್ಲಿ ನಿಂತಿತು. ಹಿರಿಯ ಕಾರುಗಳಿಗಂತೂ ಆ ಯೋಗ ಯಾವತ್ತೂ ಇರಲಿಲ್ಲ.

ಸೋರುವ ಸುದ್ದಿಯನ್ನು ನನ್ನ ಹೆಂಡತಿ ಅಮೆರಿಕದಲ್ಲಿರುವ ಮಗನಿಗೆ ಮುಟ್ಟಿಸಿದಳು. ನನ್ನ ರಕ್ತದೊತ್ತಡದ ವಿಷಯ ಹೇಳಿದರೆ 'ವಾಕಿಂಗ್ ಮಾಡ್ಲಿಕ್ಕೆ ಹೇಳು' ಎಂದು ಮುಗಿಸುವವನು, ಕಾರಿನ ವಿಷಯಕ್ಕೆ ಅರ್ಧ ಗಂಟೆ ಮಾತಾಡಿದ. "ಅಪ್ಪಾ, ಸಾದಾ ಸಿಂಥೆಟಿಕ್ ಬ್ಯಾಡ. ಹೈ ಮೈಲೇಜ್ ಆಯಿಲ್ ಹಾಕ್ಸು" ಎಂದ. ಅಲ್ಲಿ 75,000 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1,20,000 ಕಿಲೋಮೀಟರು ದಾಟಿದ ಕಾರುಗಳಿಗೆಂದೇ ಬೇರೆ ಎಣ್ಣೆ ಮಾರುತ್ತಾರಂತೆ. ವಾಲ್ವೊಲಿನ್ ಕಂಪನಿ 2000ದಲ್ಲಿ ಮ್ಯಾಕ್ಸ್‌ಲೈಫ್ ಎಂಬ ಹೆಸರಿನಲ್ಲಿ ಶುರುಮಾಡಿದ್ದು, ಆಮೇಲೆ ಎಲ್ಲರೂ ಹಿಂಬಾಲಿಸಿದರು. ಬಿಸಿಗೆ ಬೆಂದು ಬಿರುಸಾದ ರಬ್ಬರ್ ಸೀಲುಗಳು ಅದರಲ್ಲಿರುವ ಎಸ್ಟರ್‌ಗಳನ್ನು ಹೀರಿ ತುಸು ಉಬ್ಬುತ್ತವೆ, ಮೆತ್ತಗಾಗುತ್ತವೆ, ಸಣ್ಣ ಸೋರಿಕೆ ಕಡಿಮೆಯಾಗುತ್ತದೆ. ಜೊತೆಗೆ ಸವಕಳಿ ತಡೆಯುವ ಮತ್ತು ಒಳಗಿನ ಕೊಳೆ ತೊಳೆಯುವ ರಾಸಾಯನಿಕಗಳನ್ನೂ ಒಂದು ಕೈ ಹೆಚ್ಚೇ ಹಾಕಿರುತ್ತಾರೆ.

ಫೋಂಡಾದ ಅಂಗಡಿಯಲ್ಲಿ ಹೈ ಮೈಲೇಜ್ ಆಯಿಲ್ ಕೇಳಿದೆ. ಅಂಗಡಿಯವನು ಕನಿಕರದಿಂದ ನೋಡಿ, ಈಗ ಲೀಟರಿಗೆ ಎಷ್ಟು ಓಡುತ್ತಿದೆ ಎಂದ. ಬಹಳ ದೂರ ಓಡಿರುವ ಗಾಡಿಯ ಎಣ್ಣೆಯಪ್ಪಾ ಎಂದು ಬಿಡಿಸಿ ಹೇಳಿದ ಮೇಲೆ ಅವನ ಕನಿಕರ ಇನ್ನೂ ಹೆಚ್ಚಿತು. ಅಂಥದ್ದು ಅವನಲ್ಲಿರಲಿಲ್ಲ. ಇದ್ದದ್ದು ಮಿನರಲ್, ಸೆಮಿ ಸಿಂಥೆಟಿಕ್, ಫುಲ್ ಸಿಂಥೆಟಿಕ್.

ಇನ್ನು ಸಿಂಥೆಟಿಕ್ಕಿನ ಪುರಾಣ. ಹಳೆ ಎಂಜಿನ್ನಿಗೆ ಅದನ್ನು ಹಾಕಿದರೆ ಎಲ್ಲ ಕಡೆಯಿಂದ ಸೋರುತ್ತದೆ ಎನ್ನುವ ನಂಬಿಕೆ ಗ್ಯಾರೇಜುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಪೂರ್ತಿ ಸುಳ್ಳಲ್ಲ. ಮೊಬಿಲ್ 1 ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ಆ ಕಾಲದ ಕೆಲವು ಸಿಂಥೆಟಿಕ್ ಎಣ್ಣೆಗಳಿಗೆ ಸೀಲನ್ನು ಕುಗ್ಗಿಸುವ ಗುಣವಿತ್ತು. ಅದನ್ನು ಸರಿಪಡಿಸಿ ಎಷ್ಟೋ ಕಾಲವಾಯಿತು, ಅಪಖ್ಯಾತಿ ಮಾತ್ರ ಉಳಿಯಿತು. ಈಗ ಸೋರಿದರೆ ಕಾರಣ ಬೇರೆ. ಬಿರುಕುಬಿಟ್ಟ ಸೀಲಿಗೆ ವರ್ಷಗಟ್ಟಲೆ ಮೆತ್ತಿಕೊಂಡು ತೂತು ಮುಚ್ಚಿದ್ದ ಜಿಡ್ಡನ್ನು ಹೊಸ ಎಣ್ಣೆ ತೊಳೆದುಬಿಡುತ್ತದೆ. ಎಷ್ಟೋ ಹಳೆಯ ಎಂಜಿನ್ನುಗಳು ಕೊಳೆಯ ದಯೆಯಿಂದಲೇ ಮಾನ ಉಳಿಸಿಕೊಂಡಿವೆ. ಇನ್ನೊಂದು ತಮಾಷೆಯೆಂದರೆ ಎಲ್ಲ ಸಿಂಥೆಟಿಕ್ಕೂ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಕಚ್ಚಾತೈಲವನ್ನೇ ಚೆನ್ನಾಗಿ ಸಂಸ್ಕರಿಸಿ ಅದನ್ನು ಸಿಂಥೆಟಿಕ್ ಎಂದು ಮಾರಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ತಕರಾರಾಗಿ, ಜಾಹೀರಾತುಗಳ ವ್ಯಾಜ್ಯ ನೋಡುವ ಮಂಡಳಿ 1999ರಲ್ಲಿ ಕ್ಯಾಸ್ಟ್ರಾಲ್ ಪರ ನಿಂತಿತು.

ಡಬ್ಬಿಯ ಮೇಲಿನ ಅಂಕಿಗಳದು ಮತ್ತೊಂದು ಲೋಕ. 5ಡಬ್ಲ್ಯು-30, 10ಡಬ್ಲ್ಯು-40, 20ಡಬ್ಲ್ಯು-40. ಕೊನೆಯ ಅಂಕಿ ಎಂಜಿನ್ ಕಾದಾಗ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ, ಮೊದಲಿನದು ಚಳಿಗೆ. 20ಡಬ್ಲ್ಯು ಎಣ್ಣೆಯಲ್ಲಿ ಎಂಜಿನ್ ತಿರುಗೀತೇ ಎಂದು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ. ಕೊರ್ಲಿಮ್‌ನಲ್ಲಿ ಜನವರಿಯ ಬೆಳಗು ಇಪ್ಪತ್ತು ಡಿಗ್ರಿಗೆ ಇಳಿದರೆ ಆಂಟಿ ಸ್ವೆಟರ್ ಹಾಕಿಕೊಂಡು ಬಾಗಿಲು ತೆರೆಯುತ್ತಾರೆ. ಸೈಬೀರಿಯಾಕ್ಕೆ ಲಾಯಕ್ಕಾದ ಎಣ್ಣೆ ನಮಗೇಕೆ ಎಂದು ನಗಬಹುದು. ಆದರೆ ಬೆಳಗಿನ ಮೊದಲ ಕ್ಷಣಗಳಲ್ಲಿ ತೆಳ್ಳಗಿನ ಎಣ್ಣೆ ಬೇಗ ಮೇಲೇರಿ ಕವಾಟಗಳನ್ನು ತಲುಪುತ್ತದೆ ಎನ್ನುವುದು ಗೋವೆಯಲ್ಲೂ ನಿಜವೇ. ಅತ್ತ, ಸವೆದ ಎಂಜಿನ್ನಿನ ಸಂದುಗಳಲ್ಲಿ ಅದು ಅಷ್ಟೇ ಬೇಗ ಜಾರಿಯೂ ಹೋದೀತು. ಹೀಗೆ ಎರಡೂ ಕಡೆ ನ್ಯಾಯವಿದ್ದರೆ ನನ್ನಂಥವನಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಎಣ್ಣೆಯ ವ್ಯಾಜ್ಯ ನಮ್ಮ ಮನೆಗೆ ಹೊಸದೂ ಅಲ್ಲ. ಧಾರವಾಡದಿಂದ ಬಂದ ಹೆಂಡತಿಗೆ ಶೇಂಗಾ ಎಣ್ಣೆಯೇ ಎಣ್ಣೆ. ಬದನೆಕಾಯಿ ಎಣಗಾಯಿಗೆ ಕೊಬ್ಬರಿ ಎಣ್ಣೆ ಹಾಕುವುದನ್ನು ಅವಳು ಊಹಿಸಲಾರಳು. ಆಂಟಿಗೆ ಶೇಂಗಾ ಎಣ್ಣೆಯ ವಾಸನೆಯೇ ಆಗದು. ಇಷ್ಟು ವರ್ಷಗಳಿಂದ ಇಬ್ಬರೂ ಬಟ್ಟಲು ಬದಲಿಸಿಕೊಳ್ಳುತ್ತಾರೆ, ಇಬ್ಬರೂ ಹೊಗಳುತ್ತಾರೆ, ಯಾರೂ ಎಣ್ಣೆ ಬದಲಿಸಿಲ್ಲ.

ಕೊನೆಗೆ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಗದಗಿನ ಕಡೆಯ ಹುಡುಗ. ಗೋವೆಯ ಅರ್ಧ ಗಾಡಿಗಳ ಹೊಟ್ಟೆಯ ಗುಟ್ಟು ನಮ್ಮ ಉತ್ತರ ಕರ್ನಾಟಕದ ಹುಡುಗರಿಗೆ ಗೊತ್ತು ಎಂಬುದು ನನ್ನ ಗುಮಾನಿ. ಎಸ್ಟರ್, ಮ್ಯಾಕ್ಸ್‌ಲೈಫ್, 1999ರ ತೀರ್ಪು ಎಲ್ಲವನ್ನೂ ಅವನಿಗೆ ವಿವರಿಸಿದೆ. ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟುಕೊಂಡೇ ಕೇಳಿಸಿಕೊಂಡ.

"ಸರ, ಸೋರಾಕತ್ತಿದ್ದು ಎಣ್ಣಿ ತಪ್ಪಲ್ರಿ. ಹೆಡ್ ಕವರಿನ ಪ್ಯಾಕಿಂಗ್ ಹಪ್ಪಳ ಆಗೇತಿ ನೋಡ್ರಿ," ಎಂದು ರಬ್ಬರಿನ ಚೂರೊಂದನ್ನು ಉಗುರಿನಿಂದ ಎಬ್ಬಿಸಿದ. ಅದು ಪಟಕ್ಕನೆ ಮುರಿಯಿತು. ಮುರಿಯುವ ಹಂತ ಮುಟ್ಟಿದ ರಬ್ಬರನ್ನು ಯಾವ ಎಸ್ಟರೂ ಮೆತ್ತಗೆ ಮಾಡಲಾರದು. ಕೆಲವು ನೂರು ರೂಪಾಯಿಯ ಪ್ಯಾಕಿಂಗು.

ಆಮೇಲೆ ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ. "ಗಾಡಿ ಎಲ್ಲೆಲ್ಲಿ ಹೋಗ್ತೈತ್ರಿ?" ಎಂದು ಕೇಳಿದ. ಓಲ್ಡ್ ಗೋವಾ ಮಾರ್ಕೆಟ್ಟಿಗೆ, ಎಂದೆ. ಮತ್ತೆ? ಅಲ್ಲಿಂದ ಮನೆಗೆ.

ಹೇಳುವಾಗಲೇ ನಾಚಿಕೆಯಾಯಿತು. ಮೂರ್ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ ಎಣ್ಣೆ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಕೂಡಿದ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲು ಆವಿಯಾಗದೆ ಎಣ್ಣೆಯಲ್ಲೇ ನಿಲ್ಲುತ್ತವೆ. ಮಳೆಗಾಲದಲ್ಲಿ ಕೇಳುವುದೇ ಬೇಡ. ಮೀಟರಿನಲ್ಲಿ ಒಂದೂವರೆ ಲಕ್ಷ ದಾಟಿರುವುದು ಹೌದು, ಆದರೆ ಅದೆಲ್ಲ ಹಳೆಯ ಗಳಿಕೆ. ಆಗ ಶನಿವಾರ ಶಿಫ್ಟ್ ಮುಗಿದದ್ದೇ ತಡ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ತುಂಬಿಕೊಂಡು ಬಾಣಸ್ತರಿ ಸೇತುವೆ ದಾಟುತ್ತಿದ್ದೆವು. ಕೆಳಗಿನ ಕುಂಭಾರ್ಜುವೆ ಕಾಲುವೆಯಲ್ಲಿ ಮೊಸಳೆಗಳಿವೆ ಎಂದು ಪ್ರತಿಸಲ ಹೇಳಬೇಕಿತ್ತು, ಪ್ರತಿಸಲ ಯಾರಾದರೊಬ್ಬರಿಗೆ ಕಂಡದ್ದೂ ಆಗಬೇಕಿತ್ತು. ಫೋಂಡಾ, ಮೊಲ್ಲೆಂ, ಅನಮೋಡ ಘಾಟು, ರಾಮನಗರ, ಅಳ್ನಾವರ, ಧಾರವಾಡ. ಸುಮಾರು 150 ಕಿಲೋಮೀಟರು. ಘಾಟಿನಲ್ಲಿ ಎರಡನೇ ಗೇರಿನಲ್ಲಿ ಏರುವಾಗ ಚಿಕ್ಕವಳಿಗೆ ವಾಂತಿ, ದೊಡ್ಡವನಿಗೆ ಹಸಿವು. ಅತ್ತೆಯವರು ತೀರಿಕೊಂಡ ಮೇಲೆ, ಮಕ್ಕಳು ವಿಮಾನ ಹತ್ತಿದ ಮೇಲೆ, ಆ ದಾರಿ ತಾನಾಗಿ ನಿಂತಿತು. ದೂರ ಓಡಿದ ಕಾರಿಗೆ ಎಣ್ಣೆ ಕಂಡುಹಿಡಿದವರು, ಓಡಿ ಮುಗಿಸಿ ಸುಮ್ಮನೆ ನಿಂತ ಕಾರಿನ ಬಗ್ಗೆ ಯೋಚಿಸಿದ ಹಾಗಿಲ್ಲ.

ಹುಡುಗ ಪ್ಯಾಕಿಂಗ್ ಬದಲಿಸಿ, ಫಿಲ್ಟರ್ ಬದಲಿಸಿ, 10ಡಬ್ಲ್ಯು-40 ಸೆಮಿ ಸಿಂಥೆಟಿಕ್ ಸುರಿದ. ಅಮೆರಿಕದ ಪಕ್ಷಕ್ಕೂ ಅಲ್ಲ, ಗ್ಯಾರೇಜಿನ ಸಂಪ್ರದಾಯಕ್ಕೂ ಅಲ್ಲ. ಆ ದಿನ ಅವನಲ್ಲಿ ಇದ್ದದ್ದು ಅದು. ಮುಂದಿನ ಬದಲಾವಣೆಗೆ 5,000 ಕಿಲೋಮೀಟರು ಎಂದು ಚೀಟಿ ಬರೆದು ಅಂಟಿಸಲು ಹೊರಟವನು ತಡೆದು, ನನ್ನ ಮುಖ ನೋಡಿ, ಕಿಲೋಮೀಟರು ಹೊಡೆದುಹಾಕಿ ಆರು ತಿಂಗಳ ಮುಂದಿನ ತಾರೀಖು ಬರೆದ. "ಮೀಟರ್ ನೋಡ್ಬ್ಯಾಡ್ರಿ ಸರ, ಕ್ಯಾಲೆಂಡರ್ ನೋಡ್ರಿ. ಇಲ್ಲಾಂದ್ರ ತಿಂಗಳಿಗೊಮ್ಮಿ ಧಾರವಾಡ ಕಡೆ ಒಂದ್ ರೌಂಡ್ ಹೊಡ್ಕೊಂಡ್ ಬರ್ರಿ. ಎಣ್ಣಿಗೂ ಚಲೋ, ಗಾಡಿಗೂ ಚಲೋ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸಿಂಥೆಟಿಕ್ಕೋ ಸೆಮಿಯೋ ಎಂದು ಅವಳು ಕೇಳಲಿಲ್ಲ. ಯಾವ ಶನಿವಾರ ಎಂದು ಕೇಳಿದಳು. ಆಮೇಲೆ ಅಡುಗೆಮನೆಯಿಂದ ಕೂಗಿದಳು: "ಹಂಗಾದ್ರ ಡಬ್ಬಿ ತೊಳ್ದ್ ಇಡ್ತೀನ್ರಿ. ಗಾಣದ ಶೇಂಗಾ ಎಣ್ಣಿ ಐದ್ ಲೀಟರ್ ತರೂಣು."